ಕೈ ಆಪರೇಷನ್‌ಗೆ ಡೇಟ್ ಸಿಕ್ಕಿತ್ತು, ಅಷ್ಟರಲ್ಲಿ ಥೈರಾಯ್ಡ್ ಟೆಸ್ಟ್ ಬರೆದುಕೊಟ್ಟರು

ಕಾಜಾ_ಗುಂಡಿ, ದಾವಣಗೆರೆ
ಏಪ್ರಿಲ್ 14, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಬೇಡಿ.

ನಾನು ಟೈಲರ್. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಇಪ್ಪತ್ತು ವರ್ಷ ಆಯಿತು. ವಯಸ್ಸು 44. ಒಂದೂವರೆ ವರ್ಷದಿಂದ ಮೈಕೈ ನೋವು. ಮೊದಲು ಹೆಗಲು, ಆಮೇಲೆ ತೊಡೆ, ಆಮೇಲೆ ಇಂಥ ಜಾಗ ಅಂತ ಇಲ್ಲ. ಬೆಳಿಗ್ಗೆ ಎದ್ದರೆ ಮೈಯೆಲ್ಲ ಗಂಜಿ ಹಾಕಿ ಒಣಗಿಸಿದ ಸೀರೆ ಥರ ಬಿಗಿ. ಬಟ್ಟೆ ಒಣಗಿಸಲು ಟೆರೇಸ್ ಹತ್ತಿದರೆ ನಡುವೆ ಒಂದು ಸಲ ನಿಲ್ಲಬೇಕು.

ಕೈ ಕಥೆ ಬೇರೆ. ರಾತ್ರಿ ಎರಡು ಮೂರು ಗಂಟೆಗೆ ಎಚ್ಚರ ಆಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಜೋಮು. ಎದ್ದು ಕೂತು ಕೈ ಕೊಡವಬೇಕು, ಆಗ ಸರಿಹೋಗುತ್ತದೆ. ಕಿರುಬೆರಳಿಗೆ ಮಾತ್ರ ಏನೂ ಇಲ್ಲ. ಸೂಜಿಗೆ ದಾರ ಪೋಣಿಸುವುದು ಈಗ ಮಗಳ ಕೆಲಸ. ಯುಗಾದಿ ಸೀಸನ್‌ನಲ್ಲಿ ಕತ್ತರಿ ಕೈಯಿಂದ ಜಾರಿ ಗಿರಾಕಿಯ ರೇಷ್ಮೆ ಪೀಸ್ ಮೇಲೆ ಬಿತ್ತು. ಬಟ್ಟೆಗೆ ಏನೂ ಆಗಲಿಲ್ಲ. ನನಗೆ ಅಳು ಬಂತು.

ಮೂರು ಕಡೆ ತೋರಿಸಿದೆ. ಒಬ್ಬರು ಕುತ್ತಿಗೆಗೆ ಎಂಆರ್‌ಐ ಮಾಡಿಸಿ ಡಿಸ್ಕ್ ಉಬ್ಬಿದೆ ಅಂದರು. ಇನ್ನೊಬ್ಬರು ಕ್ಯಾಲ್ಸಿಯಂ, ವಿಟಮಿನ್ ಡಿ ಬರೆದರು. ಮೂರನೆಯವರು ನರಕ್ಕೆ ಕರೆಂಟ್ ಕೊಟ್ಟು ನೋಡುವ ಟೆಸ್ಟ್ ಮಾಡಿಸಿ, ಕಾರ್ಪಲ್ ಟನಲ್ ಇದೆ, ಅಂದರೆ ಮಣಿಕಟ್ಟಿನಲ್ಲಿ ನರ ಅದುಮಿದೆ, ಎರಡೂ ಕೈಗೆ ಆಪರೇಷನ್ ಬೇಕು, ಮೊದಲು ಬಲಗೈ ಅಂದರು. ಒಂದು ಕೈಗೆ 35 ಸಾವಿರ. ಚೀಟಿ ಎತ್ತಿ ದುಡ್ಡು ಹೊಂದಿಸಿದೆ.

ಆಪರೇಷನ್‌ಗೆ ನಾಲ್ಕು ದಿನ ಮುಂಚೆ ಅರಿವಳಿಕೆ ಡಾಕ್ಟರ್ ನೋಡಬೇಕು ಅಂತ ಕರೆದರು. ಆ ಮೇಡಂ ಫೈಲ್ ಬಿಚ್ಚುವ ಮುಂಚೆ ನನ್ನ ಮುಖ ನೋಡಿದರು. "ಗಂಟಲು ಯಾವಾಗಿನಿಂದ ಹೀಗೆ ಒಡೆದಿದೆ?" ಅಂದರು. ಒಡೆದಿದೆ ಅಂತ ನನಗೇ ಗೊತ್ತಿರಲಿಲ್ಲ. "ಹೊರಗೆ ಇಷ್ಟು ಬಿಸಿಲು, ಸ್ವೆಟರ್ ಯಾಕೆ?" ಅಂದರು. ಚಳಿ ಆಗುತ್ತೆ ಮೇಡಂ ಅಂದೆ. ನಾಡಿ ಹಿಡಿದು ಗಡಿಯಾರ ನೋಡಿದರು, ನಿಮಿಷಕ್ಕೆ 52. ಮಂಚದ ಮೇಲೆ ಮಂಡಿಯೂರಿ ಕೂರಿಸಿ ಹಿಮ್ಮಡಿಯ ಮೇಲ್ಗಡೆ ಪುಟ್ಟ ಸುತ್ತಿಗೆಯಲ್ಲಿ ತಟ್ಟಿದರು. ಪಾದ ಪಟ್ಟಂತ ಅಲ್ಲಾಡಿತು, ವಾಪಸ್ ಬಂದಿದ್ದು ಮಾತ್ರ ನಿಧಾನಕ್ಕೆ, ಎಣ್ಣೆ ಹಾಕದ ಪೆಡಲ್ ಥರ. "ಟಿಎಸ್‌ಎಚ್ ಅಂತ ಥೈರಾಯ್ಡ್ ಟೆಸ್ಟ್ ಯಾವತ್ತಾದರೂ ಮಾಡಿಸಿದ್ದೀರಾ?"

ಇಲ್ಲ. ಒಂದೂವರೆ ವರ್ಷದಲ್ಲಿ ಒಬ್ಬರೂ ಬರೆದಿರಲಿಲ್ಲ.

ರಿಪೋರ್ಟ್‌ನಲ್ಲಿ ಟಿಎಸ್‌ಎಚ್ 78. ಪಕ್ಕದಲ್ಲಿ ನಾರ್ಮಲ್ ಅಂತ ಪ್ರಿಂಟ್ ಆಗಿರುವುದು 0.4ರಿಂದ 4.5. ಫ್ರೀ ಟಿ4, ಅಂದರೆ ಥೈರಾಯ್ಡ್ ಹಾರ್ಮೋನ್, ತುಂಬಾ ಕಮ್ಮಿ. ಸಿಪಿಕೆ ಅಂತ ಇನ್ನೊಂದು, ಅದು 900 ದಾಟಿದೆ. ಆಪರೇಷನ್ ಮುಂದಕ್ಕೆ ಹಾಕಿದರು. ಇಸಿಜಿ ತೆಗೆದು ಥೈರಾಯ್ಡ್ ಮಾತ್ರೆ ಶುರು ಮಾಡಿದ್ದಾರೆ, 50 ಮೈಕ್ರೋಗ್ರಾಂ.

ಈಗ ನಮ್ಮ ಮನೆಯವರು "ಕಾಯಿಲೆ ಸಿಕ್ಕಿತಲ್ಲ, ಆಪರೇಷನ್ ಕ್ಯಾನ್ಸಲ್ ಮಾಡು" ಅಂತಾರೆ. ಅತ್ತೆ "ಡಾಕ್ಟರ್ ಹೇಳಿದ ಮೇಲೆ ಮುಗಿಸಿಬಿಡು" ಅಂತಾರೆ. ಯಾರಿಗಾದರೂ ಹೀಗೆ ಆಗಿದೆಯಾ? ಮಾತ್ರೆಯಲ್ಲೇ ಕೈ ಸರಿಹೋಗುತ್ತದಾ?

———

ಹುಳಿ_ಮಾವು
ಏಪ್ರಿಲ್ 14, ರಾತ್ರಿ 9:58

ದಾವಣಗೆರೆಯಲ್ಲಿ ಏಪ್ರಿಲ್‌ನಲ್ಲಿ ಸ್ವೆಟರ್! ಅದೇ ಸಾಕಿತ್ತಲ್ಲ ಅಕ್ಕಾ, ಟೆಸ್ಟ್ ಯಾಕೆ.

ಕಾಜಾ_ಗುಂಡಿ
ಏಪ್ರಿಲ್ 14, ರಾತ್ರಿ 10:03

ನಗಬೇಡಿ, ಗಿರಾಕಿಗಳೂ ಹೀಗೇ ನಗುತ್ತಿದ್ದರು. ರಕ್ತ ಕಮ್ಮಿ ಇರಬೇಕು ಅಂತ ಖರ್ಜೂರ ತಂದುಕೊಟ್ಟವರೂ ಇದ್ದಾರೆ.

———

ಲ್ಯಾಬ್_ಕೋಟು, ಹಾಸನ
ಏಪ್ರಿಲ್ 14, ರಾತ್ರಿ 10:31

ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವನು, ಡಾಕ್ಟರ್ ಅಲ್ಲ. ಒಂದು ವಿಷಯ ಬಿಡಿಸಿ ಹೇಳುತ್ತೇನೆ. ಕೌಂಟರ್‌ನಲ್ಲಿ ದಿನಾ ಇದೇ ಗೊಂದಲ. "ಟಿಎಸ್‌ಎಚ್ ಜಾಸ್ತಿ ಬಂದಿದೆ, ಅಂದ್ರೆ ನನಗೆ ಥೈರಾಯ್ಡ್ ಜಾಸ್ತಿ ಇದೆ ಅಲ್ವಾ?" ಅಂತ ಕೇಳುತ್ತಾರೆ. ಪೂರ್ತಿ ಉಲ್ಟಾ.

ಟಿಎಸ್‌ಎಚ್ ಥೈರಾಯ್ಡ್‌ನಿಂದ ಬರುವುದಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಅನ್ನೋ ಗ್ರಂಥಿ ಕಳಿಸುವ ಆರ್ಡರ್ ಅದು. ಪಿಟ್ಯುಟರಿ ಮೇಸ್ತ್ರಿ, ಕತ್ತಿನಲ್ಲಿರುವ ಥೈರಾಯ್ಡ್ ಗಾರೆ ಕೆಲಸದವನು ಅಂದುಕೊಳ್ಳಿ. ಕೆಲಸದವನು ಸರಿಯಾಗಿ ಮಾಡುತ್ತಿದ್ದರೆ ಮೇಸ್ತ್ರಿ ಮೆಲ್ಲಗೆ ಮಾತಾಡುತ್ತಾನೆ. ಕೈ ಓಡದಿದ್ದರೆ ಕೂಗಾಡುತ್ತಾನೆ. 78 ಅಂದರೆ ಮೇಸ್ತ್ರಿ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಾನೆ, ಗೋಡೆ ಮಾತ್ರ ಏಳುತ್ತಿಲ್ಲ.

ಟೆಸ್ಟ್‌ಗೆ ಖಾಲಿ ಹೊಟ್ಟೆ ಕಡ್ಡಾಯ ಅಲ್ಲ. ಆದರೆ ಪ್ರತಿ ಸಲ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಕೊಡಿ, ಟಿಎಸ್‌ಎಚ್ ದಿನದಲ್ಲೇ ಏರಿಳಿಯುತ್ತದೆ. ಮಾತ್ರೆ ಶುರುವಾಗಿದ್ದರೆ ಆ ದಿನ ರಕ್ತ ಕೊಟ್ಟ ಮೇಲೆ ನುಂಗಿ. ಇನ್ನೊಂದು, ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಲ್ಯಾಬ್‌ನವರಿಗೆ ಮೊದಲೇ ಹೇಳಿ. ಕೆಲವು ಮಷೀನ್‌ಗಳಲ್ಲಿ ರಿಪೋರ್ಟನ್ನೇ ಕೆಡಿಸುತ್ತದೆ. ಎರಡು ಮೂರು ದಿನ ನಿಲ್ಲಿಸಿ ಬನ್ನಿ ಅನ್ನುತ್ತೇವೆ.

———

ಫಿಸಿಷಿಯನ್_ಮೈಸೂರು
ಏಪ್ರಿಲ್ 15, ಬೆಳಿಗ್ಗೆ 6:50

ಇಲ್ಲಿ ಕೂತು ನಿಮಗೆ ಚಿಕಿತ್ಸೆ ಹೇಳಲಾರೆ, ನಿಮ್ಮ ಕೈ ನಾನು ನೋಡಿಲ್ಲ. ಒಳಗೆ ಏನಾಗುತ್ತದೆ ಎಂದು ಮಾತ್ರ ಹೇಳುತ್ತೇನೆ.

ಮಣಿಕಟ್ಟಿನಲ್ಲಿ ಒಂದು ಸಣ್ಣ ಸುರಂಗ ಇದೆ. ಕೆಳಗೆ, ಪಕ್ಕದಲ್ಲಿ ಮೂಳೆ. ಮೇಲೆ ಗಟ್ಟಿ ಪಟ್ಟಿ. ಅದರೊಳಗೆ ಬೆರಳು ಮಡಚುವ ಒಂಬತ್ತು ಸ್ನಾಯುಹುರಿಗಳು ಮತ್ತು ಒಂದು ನರ ಹೋಗುತ್ತವೆ. ಹಿಗ್ಗಲು ಜಾಗವೇ ಇಲ್ಲ. ಥೈರಾಯ್ಡ್ ಹಾರ್ಮೋನ್ ತುಂಬಾ ದಿನ ಕಮ್ಮಿಯಾದರೆ ಚರ್ಮದ ಕೆಳಗೆ, ಸ್ನಾಯುಗಳ ಸುತ್ತ ನೀರು ಹಿಡಿದಿಡುವ ಲೋಳೆಯಂಥ ಪದಾರ್ಥ ಸೇರಿಕೊಳ್ಳುತ್ತದೆ. ಮುಖ ಊದುವುದು, ದನಿ ಒಡೆಯುವುದು, ಬಳೆ ಬಿಗಿಯಾಗುವುದು ಅದರಿಂದಲೇ. ಅದೇ ಊತ ಆ ಸುರಂಗದಲ್ಲಿ ಆದರೆ ನರ ಅದುಮಿಹೋಗುತ್ತದೆ. ಆ ನರ ಕಿರುಬೆರಳಿಗೆ ಹೋಗುವುದಿಲ್ಲ. ನಿಮ್ಮ ಕಿರುಬೆರಳು ಪಾರಾಗಿದ್ದು ಅದಕ್ಕೇ.

ಮೈಕೈ ನೋವೂ ಇದರ ಪಾಲೇ ಇರಬಹುದು. ಹಾರ್ಮೋನ್ ಇಲ್ಲದೆ ಸ್ನಾಯುಗಳು ಶಕ್ತಿ ಬಳಸುವ ವೇಗ ಇಳಿಯುತ್ತದೆ. ಬಿಗಿ, ಸೆಳೆತ, ಮೆಟ್ಟಿಲು ಹತ್ತಲು ತೊಡೆ ಬಾರದಿರುವುದು, ಇವೆಲ್ಲ ಆಗ ಬರುತ್ತವೆ. ಸಿಪಿಕೆ ಸ್ನಾಯುವಿನೊಳಗಿನ ಕಿಣ್ವ. ಅದು ರಕ್ತದಲ್ಲಿ ಜಾಸ್ತಿ ಕಂಡರೆ ಸ್ನಾಯು ಬಳಲಿ ಸೋರುತ್ತಿದೆ ಎಂದರ್ಥ. ಮಾತ್ರೆ ಹೊಂದಿದ ಮೇಲೆ ಸಾಮಾನ್ಯವಾಗಿ ಅದು ಇಳಿಯುತ್ತದೆ. ಆದರೆ ಇವತ್ತು ಶುರು ಮಾಡಿದರೆ ನಾಳೆ ಅಲ್ಲ. ಈ ಔಷಧದ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು ಒಂದು ವಾರ ಬೇಕು, ರಕ್ತದಲ್ಲಿ ಒಂದು ಮಟ್ಟಕ್ಕೆ ನಿಲ್ಲಲು ಐದಾರು ವಾರ. ಆರರಿಂದ ಎಂಟು ವಾರಕ್ಕೆ ಮತ್ತೆ ಟೆಸ್ಟ್ ಮಾಡಿಸುವುದು ಅದಕ್ಕೆ. ಸ್ನಾಯು ಚೇತರಿಸಿಕೊಳ್ಳಲು ಇನ್ನೂ ಕೆಲವು ತಿಂಗಳು ಹಿಡಿಯಬಹುದು.

ಎಂಆರ್‌ಐ ಬಗ್ಗೆ ಒಂದು ಮಾತು. ನಲವತ್ತು ದಾಟಿದವರಲ್ಲಿ ನೋವೇ ಇಲ್ಲದವರ ಸ್ಕ್ಯಾನ್‌ನಲ್ಲೂ ಡಿಸ್ಕ್ ಉಬ್ಬು ಕಾಣುವುದು ಮಾಮೂಲು. ಉಬ್ಬು ಕಂಡಿತು ಎಂದ ಮಾತ್ರಕ್ಕೆ ಕಳ್ಳ ಸಿಕ್ಕಿದ ಹಾಗಲ್ಲ.

ಆ ಅರಿವಳಿಕೆ ಡಾಕ್ಟರ್ ತಡೆದಿದ್ದು ಒಳ್ಳೆಯದೇ ಆಯಿತು. ಹಾರ್ಮೋನ್ ಇಷ್ಟು ಕಮ್ಮಿ ಇದ್ದಾಗ ಅರಿವಳಿಕೆ ಔಷಧ ಬೇಗ ಇಳಿಯುವುದಿಲ್ಲ, ಬಿಪಿ ಕುಸಿಯಬಹುದು, ಎಚ್ಚರ ತಡವಾಗಬಹುದು. ತುರ್ತಿಲ್ಲದ ಆಪರೇಷನ್ ಮುಂದೂಡುವುದೇ ರೂಢಿ.

ಕಾಜಾ_ಗುಂಡಿ
ಏಪ್ರಿಲ್ 15, ಬೆಳಿಗ್ಗೆ 8:15

ಸರ್, ಬಳೆ! ಸಂಕ್ರಾಂತಿಗೆ ತೊಟ್ಟ ಬಳೆ ತೆಗೆಯಲು ಆಗದೆ ಸೋಪ್ ಹಚ್ಚಿ ಎಳೆದೆವು. ದಪ್ಪ ಆದೆ ಅಂದುಕೊಂಡಿದ್ದೆ. ನನ್ನದೇ ಬ್ಲೌಸ್‌ನ ತೋಳು ಎರಡು ಸಲ ಬಿಚ್ಚಿ ಅಗಲ ಮಾಡಿದ್ದೇನೆ.

———

ಅಡಿಕೆ_ತೋಟ, ಶಿರಸಿ
ಏಪ್ರಿಲ್ 15, ಮಧ್ಯಾಹ್ನ 1:20

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಎಲ್ಲರೂ ಆಪರೇಷನ್ ತಪ್ಪಿತು ಅಂತ ಖುಷಿಪಡುವ ಹಾಗಿದೆ.

ನಮ್ಮ ಅಮ್ಮನಿಗೂ ಇದೇ ಕಾಯಿಲೆ, ಇದೇ ಕೈ. ಥೈರಾಯ್ಡ್ ಸಿಕ್ಕಿತು, ಮಾತ್ರೆ ಶುರುವಾಯಿತು. ಟಿಎಸ್‌ಎಚ್ ನಾರ್ಮಲ್‌ಗೆ ಬಂತು. ನಾವು ಕೈ ವಿಷಯ ಮರೆತೇಬಿಟ್ಟೆವು. ಅಮ್ಮನೂ ಹೇಳಲಿಲ್ಲ, ಅವರ ಸ್ವಭಾವ ಅದು. ಒಂದು ದಿನ ಅಡಿಕೆ ಸುಲಿಯುವಾಗ ನೋಡಿದೆ, ಹೆಬ್ಬೆರಳಿನ ಬುಡದಲ್ಲಿರುವ ಉಬ್ಬು ಇದೆಯಲ್ಲ, ಅದು ಹಳ್ಳ ಬಿದ್ದಿತ್ತು. ಸೌತೆಕಾಯಿ ಬೀಜ ತೆಗೆದ ಹಾಗೆ. ಆಮೇಲೆ ಆಪರೇಷನ್ ಮಾಡಿಸಿದೆವು, ಜೋಮು ಹೋಯಿತು. ಬಲ ಪೂರ್ತಿ ಬರಲಿಲ್ಲ. ಈಗಲೂ ಕಾಫಿ ಲೋಟ ಎರಡು ಕೈಯಲ್ಲಿ ಹಿಡಿಯುತ್ತಾರೆ.

ಟೆಸ್ಟ್ ಮಾಡಿಸಿ. ಆದರೆ ಟೆಸ್ಟ್ ಸಿಕ್ಕಿತು ಅಂತ ನರವನ್ನು ಮರೀಬೇಡಿ.

ಆರ್ಥೋ_ಬೆಳಗಾವಿ
ಏಪ್ರಿಲ್ 15, ರಾತ್ರಿ 9:05

ಮೇಲಿನವರ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ಸರ್ಜನ್‌ಗಳ ಪರವಾಗಿ ಅಂದುಕೊಂಡರೂ ಸರಿ.

ನರದ ಟೆಸ್ಟ್‌ನಲ್ಲಿ ಅದುಮಿದ್ದು ಕಂಡರೆ ಅದು ಸುಳ್ಳಲ್ಲ. ಕಾರಣ ಥೈರಾಯ್ಡ್ ಇರಲಿ, ಸಕ್ಕರೆ ಕಾಯಿಲೆ ಇರಲಿ, ಬಸುರಿರಲಿ, ಸಂಧಿವಾತ ಇರಲಿ, ಅಥವಾ ಯಾವ ಕಾರಣವೂ ಸಿಗದಿರಲಿ, ನರ ಅದುಮಿರುವುದು ನಿಜ. ಆರಂಭದ ಹಂತದಲ್ಲಿ ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿ ನೇರ ಇಟ್ಟುಕೊಂಡು, ಮೂಲ ಕಾಯಿಲೆಗೆ ಔಷಧ ಕೊಟ್ಟು ಕಾಯಬಹುದು. ಎಷ್ಟೋ ಜನಕ್ಕೆ ಅಷ್ಟೇ ಸಾಕಾಗುತ್ತದೆ. ಆದರೆ ಹಗಲೂ ರಾತ್ರಿ ಬಿಡದೆ ಸ್ಪರ್ಶ ಇಲ್ಲದಿದ್ದರೆ, ಹೆಬ್ಬೆರಳಿನ ಬುಡ ಕರಗುತ್ತಿದ್ದರೆ ಕಾಯುವುದು ದುಬಾರಿ.

ಕಾರ್ಪಲ್ ಟನಲ್ ಬಂದ ಎಲ್ಲರಿಗೂ ಟಿಎಸ್‌ಎಚ್ ಮಾಡಿಸಲೇಬೇಕಾ ಎನ್ನುವುದರಲ್ಲಿ ವೈದ್ಯರಲ್ಲೇ ಒಂದೇ ಅಭಿಪ್ರಾಯ ಇಲ್ಲ. ಬರೀ ಒಂದು ಕೈ ಜೋಮು, ಬೇರೆ ಏನೂ ತೊಂದರೆ ಇಲ್ಲ ಎಂದರೆ ನಾನೂ ಬರೆಯದೆ ಇದ್ದದ್ದುಂಟು. ನಿಮ್ಮದು ಹಾಗಲ್ಲ. ಎರಡೂ ಕೈ, ಮೈಯೆಲ್ಲ ನೋವು, ಚಳಿ, ದನಿ. ಇಷ್ಟಿದ್ದೂ ಕೇಳದಿದ್ದದ್ದು ತಪ್ಪೇ. ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಐದು ನಿಮಿಷ ಸಿಗುತ್ತದೆ, ರೋಗಿ ಕೈ ಚಾಚುತ್ತಾರೆ, ನಾವು ಕೈ ಮಾತ್ರ ನೋಡುತ್ತೇವೆ. ಇದು ಸಬೂಬು ಎಂದು ನನಗೂ ಗೊತ್ತು.

ಕಾಜಾ_ಗುಂಡಿ
ಏಪ್ರಿಲ್ 15, ರಾತ್ರಿ 9:30

ಇಬ್ಬರದ್ದೂ ಓದಿ ಈಗ ಟ್ಯೂಬ್‌ಲೈಟ್ ಕೆಳಗೆ ಎರಡೂ ಕೈ ಜೋಡಿಸಿ ನೋಡಿಕೊಂಡೆ. ಎಡಗೈ ಬುಡ ಉಬ್ಬಾಗಿದೆ. ಬಲಗೈಯದ್ದು ಚಪ್ಪಟೆ. ಕತ್ತರಿ ಹಿಡಿಯುವ ಕೈ.

ಆರ್ಥೋ_ಬೆಳಗಾವಿ
ಏಪ್ರಿಲ್ 15, ರಾತ್ರಿ 9:34

ಇದನ್ನು ನಿಮ್ಮ ಡಾಕ್ಟರ್‌ಗೆ ಈ ವಾರವೇ ತೋರಿಸಿ. ಮುಂದಿನ ತಿಂಗಳಲ್ಲ.

———

ಚಾಲಕ_52, ಕೋಲಾರ
ಏಪ್ರಿಲ್ 16, ಬೆಳಿಗ್ಗೆ 5:10

ಡ್ಯೂಟಿಗೆ ಹೋಗುವ ಮುಂಚೆ ಬರೀತಿದ್ದೇನೆ. ಗಂಡಸರಿಗೆ ಥೈರಾಯ್ಡ್ ಬರಲ್ಲ ಅಂದುಕೊಂಡಿರುವವರಿಗೆ ಇದು.

ನನಗೆ ಕೊಲೆಸ್ಟ್ರಾಲ್ ಜಾಸ್ತಿ ಅಂತ ಸ್ಟ್ಯಾಟಿನ್ ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ತೊಡೆ, ಸೊಂಟ ಹಿಡಿದುಕೊಂಡಿತು. ಕ್ಲಚ್ ತುಳಿದರೆ ಜೀವ ಹೋಗುವ ನೋವು. ಡ್ರೈವರ್ ಅಂದ ಕೂಡಲೇ ಎಲ್ಲರೂ ಸೊಂಟದ ಡಿಸ್ಕ್ ಅಂದರು. ಒಬ್ಬರು ಆಪರೇಷನ್ ಮಾತೂ ಎತ್ತಿದರು. ಮೊಣಕೈ ಊರಿ ಏಳುವ ಸ್ಥಿತಿ ಬಂದಾಗ ನಮ್ಮೂರಿನ ಹಳೇ ಡಾಕ್ಟರ್ ಹತ್ತಿರ ಹೋದೆ. ಅವರು ಸಿಪಿಕೆ, ಟಿಎಸ್‌ಎಚ್ ಎರಡೂ ಬರೆದರು. ಟಿಎಸ್‌ಎಚ್ 41.

ಥೈರಾಯ್ಡ್ ಕಮ್ಮಿಯಾದರೆ ಕೊಲೆಸ್ಟ್ರಾಲ್ ತಾನೇ ಏರುತ್ತದಂತೆ. ಅದಕ್ಕೆ ಸ್ಟ್ಯಾಟಿನ್ ಕೊಟ್ಟರೆ, ಮೊದಲೇ ಬಳಲಿದ ಸ್ನಾಯುವಿಗೆ ಇನ್ನೊಂದು ಹೊರೆ. ಅವರು ಸ್ಟ್ಯಾಟಿನ್ ನಿಲ್ಲಿಸಿ ಥೈರಾಯ್ಡ್ ಮಾತ್ರೆ ಕೊಟ್ಟರು. ನಾಲ್ಕು ತಿಂಗಳಿಗೆ ಕ್ಲಚ್ ನೋವಿಲ್ಲದೆ ತುಳಿದೆ, ಕೊಲೆಸ್ಟ್ರಾಲ್ ಕೂಡ ತುಂಬಾ ಇಳಿಯಿತು.

ಯಾರೂ ಸ್ಟ್ಯಾಟಿನ್ ನೀವಾಗಿ ಬಿಡಬೇಡಿ ಮತ್ತೆ. ಹಾರ್ಟ್ ತೊಂದರೆ ಇದ್ದವರಿಗೆ ಅದು ಬೇಕೇ ಬೇಕು.

———

ಸಹಜ_ಬದುಕು
ಏಪ್ರಿಲ್ 16, ಬೆಳಿಗ್ಗೆ 10:00

ಇಂಗ್ಲಿಷ್ ಮಾತ್ರೆ ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ. ರಾತ್ರಿ ಧನಿಯಾ ನೆನೆಹಾಕಿ ಬೆಳಿಗ್ಗೆ ಕುದಿಸಿ ಕುಡಿಯಿರಿ. ಎಲೆಕೋಸು ಬಿಡಿ, ಪ್ಯಾಕೆಟ್ ಉಪ್ಪು ಬಿಟ್ಟು ಸೈಂಧವ ಲವಣ ಬಳಸಿ. 90 ದಿನದಲ್ಲಿ ಥೈರಾಯ್ಡ್ ಮಾಯ.

ಹುಳಿ_ಮಾವು
ಏಪ್ರಿಲ್ 16, ಬೆಳಿಗ್ಗೆ 10:04

90 ದಿನದಲ್ಲಿ ಮಾಯ ಆಗುವುದು ಧನಿಯಾ ಡಬ್ಬ.

ಫಿಸಿಷಿಯನ್_ಮೈಸೂರು
ಏಪ್ರಿಲ್ 16, ಮಧ್ಯಾಹ್ನ 2:40

ಧನಿಯಾ ನೀರು ಕುಡಿಯಿರಿ, ಬೇಡ ಅನ್ನುವುದಿಲ್ಲ. ಮಾತ್ರೆಯ ಬದಲಿಗೆ ಬೇಡ. ಬೇಯಿಸಿದ ಎಲೆಕೋಸು ಪಲ್ಯ ಊಟದ ಮಟ್ಟಿಗೆ ತಿಂದರೆ ಏನೂ ಆಗುವುದಿಲ್ಲ.

ಉಪ್ಪಿನ ಸಲಹೆಗೆ ಮಾತ್ರ ನನ್ನ ಆಕ್ಷೇಪ ಇದೆ. ಅಯೋಡಿನ್ ಕೊರತೆಯಿಂದ ಥೈರಾಯ್ಡ್ ಊದುವ ಗಳಗಂಡ ತಡೆಯಲೆಂದು 1962ರಲ್ಲಿ ನಮ್ಮ ದೇಶದಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. 1992ರಲ್ಲಿ ಅದನ್ನೇ ಅಯೋಡಿನ್ ಕೊರತೆ ನಿಯಂತ್ರಣ ಕಾರ್ಯಕ್ರಮ ಎಂದು ಹೆಸರು ಬದಲಿಸಿ ವಿಸ್ತರಿಸಿದರು. ಉಪ್ಪಿಗೆ ಅಯೋಡಿನ್ ಸೇರಿಸುವುದು ಅದರ ಮುಖ್ಯ ಕೆಲಸ. ಈಗ ಸಿರಿಧಾನ್ಯದ ಅಂಗಡಿಗಳಲ್ಲಿ ಅಯೋಡಿನ್ ಇಲ್ಲದ ಕಲ್ಲುಪ್ಪನ್ನು ಮೂರು ಪಟ್ಟು ಬೆಲೆಗೆ ಕೊಂಡು ತರುತ್ತಾರೆ. ಬಸುರಿ ಹೆಂಗಸರಿರುವ ಮನೆಯಲ್ಲಿ ಅದು ನಿಜಕ್ಕೂ ಅಪಾಯ.

ಹಾಗಂತ ಈ ಅಕ್ಕನ ಕಾಯಿಲೆ ಉಪ್ಪಿನಿಂದ ಬಂದಿರುವ ಸಂಭವ ಕಮ್ಮಿ. ಈಗ ದೊಡ್ಡವರಲ್ಲಿ ನಾವು ಕಾಣುವುದು ಹೆಚ್ಚಾಗಿ ಹಶಿಮೊಟೊ, ಅಂದರೆ ಮೈಯ ರಕ್ಷಣಾ ಪಡೆಯೇ ಥೈರಾಯ್ಡ್ ಮೇಲೆ ತಿರುಗಿ ಬೀಳುವುದು. ಅದಕ್ಕೆ ಅಯೋಡಿನ್ ಜಾಸ್ತಿ ತಿಂದರೂ ಪ್ರಯೋಜನ ಇಲ್ಲ.

ನಿವೃತ್ತ_ಮೇಷ್ಟ್ರು, ಧಾರವಾಡ
ಏಪ್ರಿಲ್ 16, ಸಂಜೆ 6:15

ಜೀವನಪೂರ್ತಿ ಮಾತ್ರೆ ಎಂದು ಹೆದರಿಸುವವರಿಗೆ ಒಂದು ಹಳೆಯ ಕಥೆ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರೆ ಎಂಬ ಎಳೆಯ ಡಾಕ್ಟರು ಕುರಿಯ ಥೈರಾಯ್ಡ್ ಗ್ರಂಥಿಯ ಸಾರ ತೆಗೆದು ಒಬ್ಬ ಹೆಂಗಸಿಗೆ ಚುಚ್ಚಿದರು. ಆಕೆಗೆ ಇದೇ ಕಾಯಿಲೆ, ಬಹಳ ಮುಂದುವರಿದಿತ್ತು. ಆಕೆ ಚೇತರಿಸಿಕೊಂಡರು, ಔಷಧ ಬಿಡದೆ ಮುಂದುವರಿಸಿದರು, 1919ರವರೆಗೆ ಬದುಕಿದರು. ಇಪ್ಪತ್ತೆಂಟು ವರ್ಷ! ಅದಕ್ಕೆ ಮುಂಚೆ ಇಂಥವರಿಗೆ ಮಾಡುವುದು ಏನೂ ಇರಲಿಲ್ಲ. ನನಗೆ 71, ಹದಿನೆಂಟು ವರ್ಷದಿಂದ ದಿನಾ ಒಂದು ಸಣ್ಣ ಬಿಳಿ ಮಾತ್ರೆ. ಕನ್ನಡಕ ಹಾಕಿಕೊಳ್ಳುವುದಕ್ಕಿಂತ ದೊಡ್ಡ ಕಷ್ಟ ಅಲ್ಲ.

ವೇದಿಕೆ ನಿರ್ವಾಹಕರು
ಏಪ್ರಿಲ್ 16, ಸಂಜೆ 6:40

ಸಹಜ_ಬದುಕು ಅವರೇ, ಪುಡಿ ಮಾರಾಟದ ಫೋನ್ ನಂಬರ್ ಇದ್ದ ನಿಮ್ಮ ಎರಡನೇ ಪೋಸ್ಟ್ ತೆಗೆದಿದ್ದೇವೆ. ಮತ್ತೆ ಹಾಕಬೇಡಿ.

———

ಅಪ್ಪನ_ಮಂಡಿ, ಬೆಂಗಳೂರು
ಏಪ್ರಿಲ್ 17, ಬೆಳಿಗ್ಗೆ 11:25

ಇದನ್ನೆಲ್ಲ ಓದಿ ಅಪ್ಪನಿಗೂ ಟೆಸ್ಟ್ ಮಾಡಿಸಿದೆ. ಅವರಿಗೆ 68, ಮಂಡಿ ಬದಲಾಯಿಸುವ ಆಪರೇಷನ್ ಮೇ ತಿಂಗಳಿಗೆ ಇದೆ. ಟಿಎಸ್‌ಎಚ್ 5.8 ಬಂದಿದೆ, ಫ್ರೀ ಟಿ4 ನಾರ್ಮಲ್. ಹಾಗಾದರೆ ಮಂಡಿ ನೋವು ಥೈರಾಯ್ಡ್‌ನಿಂದಲೇ ಅಲ್ವಾ? ಆಪರೇಷನ್ ನಿಲ್ಲಿಸಲಾ?

ಫಿಸಿಷಿಯನ್_ಮೈಸೂರು
ಏಪ್ರಿಲ್ 17, ರಾತ್ರಿ 8:30

ದಯವಿಟ್ಟು ಆ ತೀರ್ಮಾನಕ್ಕೆ ಬರಬೇಡಿ. 5.8ಕ್ಕೂ 78ಕ್ಕೂ ಅಜಗಜಾಂತರ. ಟಿ4 ಸರಿಯಿದ್ದು ಟಿಎಸ್‌ಎಚ್ ಸ್ವಲ್ಪ ಮಾತ್ರ ಮೇಲಿದ್ದರೆ, ಅದರಲ್ಲೂ ವಯಸ್ಸಾದವರಲ್ಲಿ, ಸಾಮಾನ್ಯವಾಗಿ ಎರಡು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡುತ್ತೇವೆ. ಎಷ್ಟೋ ಸಲ ತಾನೇ ಇಳಿದಿರುತ್ತದೆ. ಮಾತ್ರೆಯ ಯೋಚನೆ ಸಾಮಾನ್ಯವಾಗಿ 10 ದಾಟಿದ ಮೇಲೆ. 5.8 ಇಟ್ಟುಕೊಂಡು ಸವೆದ ಮಂಡಿಯನ್ನು ವಿವರಿಸಲಾಗದು. ಎಕ್ಸ್‌ರೇಯಲ್ಲಿ ಕೀಲು ಸವೆದಿದ್ದು, ನಡೆದರೆ ನೋವು, ಕಾಲು ಬಿಲ್ಲಾಗಿದೆ ಎಂದರೆ ಅದು ಮಂಡಿಯದ್ದೇ ತೊಂದರೆ. ರಿಪೋರ್ಟನ್ನು ಅರಿವಳಿಕೆ ಡಾಕ್ಟರ್‌ಗೆ ತೋರಿಸಿ, ಅಷ್ಟು ಸಾಕು.

ಆಪರೇಷನ್ ಮುಂಚೆ ಇದಕ್ಕಿಂತ ಹೆದರಬೇಕಾದ್ದು ಉಲ್ಟಾ ಸ್ಥಿತಿ. ಹಾರ್ಮೋನ್ ವಿಪರೀತ ಜಾಸ್ತಿ ಇದ್ದು, ಗೊತ್ತಿಲ್ಲದೆ ಆಪರೇಷನ್ ಮಾಡಿದರೆ ಜೀವಕ್ಕೇ ಅಪಾಯ.

ಅಪ್ಪನ_ಮಂಡಿ, ಬೆಂಗಳೂರು
ಏಪ್ರಿಲ್ 17, ರಾತ್ರಿ 8:52

ಥ್ಯಾಂಕ್ಸ್ ಸರ್. ಅಪ್ಪನ ಕಾಲು ಬಿಲ್ಲೇ ಆಗಿದೆ. ಮೇ ತಿಂಗಳು ಹಾಗೇ ಇರಲಿ ಬಿಡಿ.

ಆರ್ಥೋ_ಬೆಳಗಾವಿ
ಏಪ್ರಿಲ್ 17, ರಾತ್ರಿ 10:10

ಇದೇ ಜಾಗದಲ್ಲಿ ಬರೆದುಬಿಡುತ್ತೇನೆ. ಸೊಂಟನೋವಿನ ಜೊತೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರಿ ಬೀಳುತ್ತಿದ್ದರೆ, ಯಾವ ಟೆಸ್ಟ್‌ಗೂ ಕಾಯಬೇಡಿ. ಆವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ. ಅಲ್ಲಿ ಗಂಟೆಗಳ ಲೆಕ್ಕ.

———

ಗೌರಿಬಿದನೂರು_ಸೊಸೆ
ಏಪ್ರಿಲ್ 18, ಬೆಳಿಗ್ಗೆ 9:20

ನನಗೂ ಥೈರಾಯ್ಡ್ ಮಾತ್ರೆ ಇದೆ, ಮೂರು ವರ್ಷದಿಂದ. ನೋವು ಮಾತ್ರ ಹೋಗಿಲ್ಲ, ಟಿಎಸ್‌ಎಚ್ ಯಾವಾಗಲೂ 15, 20. ಡೋಸ್ ಏರಿಸುತ್ತಲೇ ಇದ್ದಾರೆ. ಬೆಳಿಗ್ಗೆ ಎದ್ದ ಕೂಡಲೇ ತಪ್ಪದೆ ನುಂಗುತ್ತೇನೆ.

ಲ್ಯಾಬ್_ಕೋಟು, ಹಾಸನ
ಏಪ್ರಿಲ್ 18, ಬೆಳಿಗ್ಗೆ 9:41

ಯಾತರ ಜೊತೆ ನುಂಗುತ್ತೀರಿ?

ಗೌರಿಬಿದನೂರು_ಸೊಸೆ
ಏಪ್ರಿಲ್ 18, ಬೆಳಿಗ್ಗೆ 9:44

ಕಾಫಿ ಜೊತೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆನೂ ಒಟ್ಟಿಗೆ, ಮರೀಬಾರದು ಅಂತ.

ಲ್ಯಾಬ್_ಕೋಟು, ಹಾಸನ
ಏಪ್ರಿಲ್ 18, ಬೆಳಿಗ್ಗೆ 9:50

ಅಲ್ಲೇ ಇದೆ ನೋಡಿ ಅಮ್ಮಾ. ಕಾಫಿ, ಕ್ಯಾಲ್ಸಿಯಂ, ಕಬ್ಬಿಣ ಮೂರೂ ಆ ಮಾತ್ರೆಯನ್ನು ಹೊಟ್ಟೆಯಲ್ಲೇ ತಡೆಯುತ್ತವೆ. ಬರೀ ನೀರಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕ್ಯಾಲ್ಸಿಯಂ, ಕಬ್ಬಿಣಕ್ಕೆ ನಾಲ್ಕು ಗಂಟೆ ಅಂತರ ಬೇಕು, ಮಧ್ಯಾಹ್ನ ಊಟಕ್ಕೆ ಹಾಕಿಕೊಳ್ಳಿ. ಆದರೆ ಹೀಗೆ ಬದಲಾಯಿಸುತ್ತೇನೆ ಅಂತ ಡಾಕ್ಟರ್‌ಗೆ ಹೇಳಿ ಬದಲಾಯಿಸಿ. ಈಗಿನ ಡೋಸ್ ಪೂರ್ತಿ ಮೈಗೆ ಹತ್ತಿದರೆ ಜಾಸ್ತಿ ಆಗಿ ಎದೆ ಡವಡವ ಅನ್ನಬಹುದು.

ಕಾಜಾ_ಗುಂಡಿ
ಏಪ್ರಿಲ್ 18, ಬೆಳಿಗ್ಗೆ 10:30

ಅಯ್ಯೋ, ನಾಲ್ಕು ದಿನದಿಂದ ನಾನೂ ಕ್ಯಾಲ್ಸಿಯಂ ಜೊತೆಗೇ ನುಂಗುತ್ತಿದ್ದೆ.

———

ಕಾಜಾ_ಗುಂಡಿ
ಜೂನ್ 3, ರಾತ್ರಿ 9:15

ಆರು ವಾರದ ಲೆಕ್ಕ ಒಪ್ಪಿಸುತ್ತೇನೆ. ಟಿಎಸ್‌ಎಚ್ 78ರಿಂದ 26ಕ್ಕೆ ಇಳಿದಿದೆ. ಮಾತ್ರೆ 100 ಮಾಡಿದ್ದಾರೆ. ಮುಖದ ಊತ ಇಳಿದು ಮಗಳು "ಅಮ್ಮಾ ನಿನ್ನ ಕಣ್ಣು ವಾಪಸ್ ಬಂತು" ಅಂದಳು. ಸ್ವೆಟರ್ ಪೆಟ್ಟಿಗೆ ಸೇರಿತು. ಮೈಕೈ ನೋವು ಅರ್ಧ ಇಳಿದಿದೆ ಅನ್ನಬಹುದು, ಟೆರೇಸ್ ಒಂದೇ ಏಟಿಗೆ ಹತ್ತುತ್ತೇನೆ.

ರಾತ್ರಿ ಎರಡೂ ಮಣಿಕಟ್ಟಿಗೆ ಪಟ್ಟಿ. ಮೊದಲ ವಾರ ನಿದ್ದೆಯಲ್ಲೇ ಬಿಚ್ಚಿ ಎಸೆಯುತ್ತಿದ್ದೆ. ಎಡಗೈಗೆ ಈಗ ವಾರಕ್ಕೆ ಒಂದು ದಿನ ಜೋಮು. ಬಲಗೈಯದ್ದು ಜಗ್ಗಿಲ್ಲ. ತೋರುಬೆರಳ ತುದಿಗೆ ಸೂಜಿ ಚುಚ್ಚಿದರೂ ರಕ್ತ ನೋಡಿದ ಮೇಲೆ ಗೊತ್ತಾಗುತ್ತದೆ. ಡಾಕ್ಟರ್ ಹೆಬ್ಬೆರಳ ಬುಡ ನೋಡಿ, ಟಿಎಸ್‌ಎಚ್ ಇನ್ನೊಂಚೂರು ಇಳಿಯಲಿ, ಬಲಗೈ ಮಾಡಿಬಿಡೋಣ, ಎಡಗೈ ಬೇಡ ಅಂದಿದ್ದಾರೆ.

ಅಡಿಕೆ_ತೋಟ, ಶಿರಸಿ
ಜೂನ್ 3, ರಾತ್ರಿ 9:47

ಬಲಗೈ ಮಾತ್ರ ಮುಂದೂಡಬೇಡಿ ಅಕ್ಕಾ. ಬೇಕಾದರೆ ಅಮ್ಮನ ಕೈಯ ಫೋಟೋ ಕಳಿಸುತ್ತೇನೆ.

———

ಕಾಜಾ_ಗುಂಡಿ
ನವೆಂಬರ್ 9, ಮಧ್ಯಾಹ್ನ 3:30

ತುಂಬಾ ದಿನ ಆಯಿತು, ದೀಪಾವಳಿ ಆರ್ಡರ್ ಇತ್ತು.

ಜುಲೈ ಕೊನೆಗೆ ಬಲಗೈ ಆಪರೇಷನ್ ಆಯಿತು. ಕೈಗೆ ಮಾತ್ರ ಇಂಜೆಕ್ಷನ್, ಎಚ್ಚರವಾಗೇ ಇದ್ದೆ. ಇಪ್ಪತ್ತು ನಿಮಿಷ. ಆ ಸುರಂಗದ ಮೇಲಿನ ಗಟ್ಟಿ ಪಟ್ಟಿಯನ್ನು ಕತ್ತರಿಸುವ ಕೆಲಸ ಅಷ್ಟೇ ಅಂತ ಡಾಕ್ಟರ್ ಅಂದರು, ನಾನು "ಸರ್, ಇದು ಟೈಟ್ ಆದ ತೋಳು ಬಿಚ್ಚೋದು" ಅಂದೆ. ಪರದೆಯ ಆ ಕಡೆ ನಗು ಕೇಳಿಸಿತು. ಅದೇ ಅರಿವಳಿಕೆ ಮೇಡಂ ಬಂದು ನಾಡಿ ನೋಡಿ "72, ಈಗ ಸರಿ" ಅಂತ ಹೇಳಿ ಹೋದರು. ಹೊಲಿಗೆ ಹನ್ನೆರಡನೇ ದಿನ ಬಿಚ್ಚಿದರು. ಹೊಲಿಗೆ ಸಾಲು ನೇರ ಇರಲಿಲ್ಲ, ನಾನು ಹೊಲಿದಿದ್ದರೆ ಗಿರಾಕಿ ವಾಪಸ್ ಕೊಡುತ್ತಿದ್ದರು.

ರಾತ್ರಿ ಜೋಮು ಆವತ್ತಿನಿಂದಲೇ ಹೋಯಿತು. ಬೆರಳ ತುದಿಗೆ ಸ್ಪರ್ಶ ನಿಧಾನಕ್ಕೆ ಬರುತ್ತಿದೆ. ರೇಷ್ಮೆ ಯಾವುದು, ಪಾಲಿಸ್ಟರ್ ಯಾವುದು ಅಂತ ಮುಟ್ಟಿ ಹೇಳಬಲ್ಲೆ, ಹೋದ ವರ್ಷ ಆಗುತ್ತಿರಲಿಲ್ಲ. ಹೆಮ್ಮಿಂಗ್, ಕಾಜಾ, ಹುಕ್ ಎಲ್ಲ ಮಾಡುತ್ತೇನೆ. ದಪ್ಪ ಲೈನಿಂಗ್ ಬಟ್ಟೆ ಕತ್ತರಿಸುವುದು ಇನ್ನೂ ಮಗಳು. ಹೆಬ್ಬೆರಳ ಬುಡ ಮೊದಲಿನಷ್ಟು ತುಂಬಿಲ್ಲ, ವರ್ಷ ಹಿಡಿಯಬಹುದಂತೆ, ಪೂರ್ತಿ ಬರದೆಯೂ ಇರಬಹುದಂತೆ.

ಎಡಗೈಗೆ ಚಾಕು ಮುಟ್ಟಲಿಲ್ಲ. ಅದು ಮಾತ್ರೆಯಲ್ಲೇ ಹೋಯಿತು. ಮೈಕೈ ನೋವೂ ಅಷ್ಟೇ. ಟಿಎಸ್‌ಎಚ್ 3.1, ಸಿಪಿಕೆ ನಾರ್ಮಲ್.

ಹುಳಿ_ಮಾವು
ನವೆಂಬರ್ 9, ಮಧ್ಯಾಹ್ನ 3:52

ಅಂದ್ರೆ ನಿಮ್ಮ ಮನೆಯವರೂ ಗೆದ್ದರು, ಅತ್ತೆಯೂ ಗೆದ್ದರು. ಒಂದೊಂದು ಕೈ.

ಕಾಜಾ_ಗುಂಡಿ
ನವೆಂಬರ್ 9, ಸಂಜೆ 4:10

ಹೌದು, ಇಬ್ಬರೂ ಈಗ ಬಂದವರಿಗೆಲ್ಲ "ನಾನು ಅವತ್ತೇ ಹೇಳಿದ್ದೆ" ಅಂತಾರೆ.

ಇನ್ನೊಂದು ಕೇಳಬೇಕಿತ್ತು. ಹರಿಹರದಲ್ಲಿರುವ ನಮ್ಮ ತಂಗಿಗೆ ಆರು ತಿಂಗಳಿಂದ ಹೆಗಲು ಮೇಲೆ ಏಳುತ್ತಿಲ್ಲ. ಜಡೆ ಹೆಣೆಯಲು ಆಗಲ್ಲ, ಬ್ಲೌಸ್‌ಗೆ ಹಿಂದೆ ಹುಕ್ ಇಟ್ಟರೆ ಬೈಯುತ್ತಾಳೆ. ಆಪರೇಷನ್ ಮಾಡಿ ಬಿಡಿಸಬೇಕು ಅಂದಿದ್ದಾರಂತೆ. ಅವಳಿಗೂ ಇದೇ ಇರಬಹುದಾ?

ಫಿಸಿಷಿಯನ್_ಮೈಸೂರು
ನವೆಂಬರ್ 9, ರಾತ್ರಿ 7:25

ಇರಬಹುದು, ಇಲ್ಲದೆಯೂ ಇರಬಹುದು. ಹಶಿಮೊಟೊ ಮನೆತನದಲ್ಲಿ ಹರಿದುಬರುವುದುಂಟು. ಹೆಗಲು ಹಿಡಿದುಕೊಳ್ಳುವುದು ಸಕ್ಕರೆ ಕಾಯಿಲೆ ಇದ್ದವರಲ್ಲಿ, ಥೈರಾಯ್ಡ್ ತೊಂದರೆ ಇದ್ದವರಲ್ಲಿ ಜಾಸ್ತಿ. ಟಿಎಸ್‌ಎಚ್ ಜೊತೆ ಸಕ್ಕರೆಯನ್ನೂ ನೋಡಿಸಿ. ಎರಡೂ ಸರಿಯಿದ್ದರೂ ಗಾಬರಿ ಬೇಡ. ಹಿಡಿದ ಹೆಗಲು ಬಹಳಷ್ಟು ಸಲ ವ್ಯಾಯಾಮ, ಇಂಜೆಕ್ಷನ್‌ನಲ್ಲಿ ತಿಂಗಳುಗಟ್ಟಲೆ ಸಮಯ ತಗೊಂಡು ಬಿಡುತ್ತದೆ.

ಕಾಜಾ_ಗುಂಡಿ
ನವೆಂಬರ್ 11, ಬೆಳಿಗ್ಗೆ 11:40

ಬೆಳಿಗ್ಗೆ ಏಳೂವರೆಗೆ ಹರಿಹರಕ್ಕೆ ಹೋಗಿ ಅವಳನ್ನು ಕರೆದುಕೊಂಡು ರಕ್ತ ಕೊಡಿಸಿ ಬಂದೆ. ಎರಡೂ ಸೇರಿ 450 ರೂಪಾಯಿ. ನನ್ನ ಬಲಗೈ ತೋರಿಸಿ "ಸುಮ್ನೆ ನಡಿ" ಅಂದೆ, ಬಂದಳು. ರಿಪೋರ್ಟ್ ಸಂಜೆ ಆರಕ್ಕೆ ಮೊಬೈಲ್‌ಗೆ ಕಳಿಸುತ್ತಾರಂತೆ. ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.